ಪ್ರಾರಂಭೋತ್ಸವದ ದಿನ ನಾವು ತಡೆದ ವ್ಯಾನು

ಸರ್ಕಾರಿ ಶಾಲೆ ಉಳಿಸಿ ಎಂದು ಮೈಕಿನ ಮುಂದೆ ಕೂಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಾಲು ಹೊದೆಸಿಕೊಂಡು, ಎಳನೀರು ಕುಡಿದು, ಕಾರು ಹತ್ತಿ ಹೋಗುವವರಿಗೆ ಉಳಿಸುವುದೆಂದರೆ ಏನು ಗೊತ್ತು? ನಾವು ನಿಜವಾಗಿಯೂ ಉಳಿಸಲು ಹೊರಟವರು. ಕಾಲರು ಹಿಡಿದು, ಕಲ್ಲು ಬೀರಿ, ಬಿಸಿ ಪಾಯಸದ ಸಟ್ಟುಗದಲ್ಲಿ ಮನುಷ್ಯರಿಗೆ ಬಡಿದು ಉಳಿಸಲು ಹೊರಟವರು. ಅದು ಹೇಗಾಯಿತೆಂದು ಹೇಳುತ್ತೇನೆ, ಕೇಳಿ.

ಶಾಲೆ ಇದ್ದದ್ದು ಬೈಂದೂರು ಕಡೆಯ ಒಂದು ಹಳ್ಳಿಯಲ್ಲಿ, ಹೊಳೆಯ ಈಚೆ ದಡದಲ್ಲಿ. ಒಂದರಿಂದ ಐದನೇ ಕ್ಲಾಸಿನವರೆಗೆ ಮಾತ್ರ. ಬಿಜೂರಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವ ನಾನೊಬ್ಬಳೇ ಖಾಯಂ ಟೀಚರು. ಮುಖ್ಯ ಶಿಕ್ಷಕಿಯೂ ನಾನೇ, ಗಂಟೆ ಹೊಡೆಯುವವಳೂ ನಾನೇ. ಹೊಳೆಯ ಆಚೆ, ಹೆದ್ದಾರಿಯ ಬದಿಗೆ, ಏಳನೇ ಕ್ಲಾಸಿನವರೆಗಿನ ದೊಡ್ಡ ಶಾಲೆ. ಅದೂ ಸರ್ಕಾರಿಯೇ. ಎರಡು ಊರಿನ ನಡುವೆ ಮೊದಲು ಇದ್ದದ್ದು ಅಡಿಕೆಮರ ಕಡಿದು ಹಾಸಿದ ಕಾಲುಸಂಕ. ಮಳೆಗಾಲದಲ್ಲಿ ಅದರ ಮೇಲೆ ಮಗುವನ್ನು ದಾಟಿಸುವ ಧೈರ್ಯ ಯಾವ ತಾಯಿಗೂ ಇರಲಿಲ್ಲ, ಹಾಗಾಗಿ ಈಚೆಯ ಮಕ್ಕಳೆಲ್ಲ ನಮ್ಮಲ್ಲೇ ಕಲಿಯುತ್ತಿದ್ದರು. ಸೇತುವೆ ಬೇಕೆಂದು ಊರವರು ಕಚೇರಿಯಿಂದ ಕಚೇರಿಗೆ ಅಲೆದರು. ನಾನೂ ಅವರ ಜೊತೆ ಅಲೆದೆ.

ಸೇತುವೆ ಬಂತು. ಅದರ ಮೇಲೆ ಮೊಟ್ಟಮೊದಲು ಬಂದದ್ದು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು. ಅನುಕೂಲಸ್ಥರ ಮಕ್ಕಳು ಅದನ್ನು ಹತ್ತಿದರು. ಹೋಗಲಿ, ಅವರು ಹೇಗೂ ಹೋಗುವವರೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆಮೇಲೆ ಆಚೆಯ ದೊಡ್ಡ ಶಾಲೆಯೂ ಒಂದು ವ್ಯಾನು ತಂದಿತು. ಮುಂಬಯಿಯಲ್ಲಿ ಹೋಟೆಲು ನಡೆಸುವ ಹಳೆ ವಿದ್ಯಾರ್ಥಿಯೊಬ್ಬರು ಕೊಡಿಸಿದ್ದಂತೆ. ಅವರಿಗೂ ಆ ಹಳದಿ ಬಸ್ಸಿನ ಕಾಟವೇ. ಅವರ ಊರಿನ ಅರ್ಧ ಮಕ್ಕಳನ್ನು ಅದು ಹೊತ್ತುಕೊಂಡು ಹೋಗಿತ್ತು. ಬಸ್ಸಿನಿಂದ ಮಕ್ಕಳನ್ನು ಇಳಿಸಿಕೊಳ್ಳಲು ಅವರಿಂದ ಆಗಲಿಲ್ಲ. ನಮ್ಮ ಅಂಗಳದಿಂದ ಎತ್ತಿಕೊಂಡು ಹೋಗುವುದು ಸುಲಭ ಕಂಡಿತು.

ಕಲಿಕೆಯಲ್ಲಿ ನನ್ನ ಮಕ್ಕಳು ಯಾರಿಗೂ ಕಡಿಮೆ ಇರಲಿಲ್ಲ. ಕನ್ನಡ ಓದಲು ಬಾರದ ಒಂದು ಮಗುವನ್ನೂ ನಾನು ಐದನೇ ಕ್ಲಾಸಿನಿಂದ ಆಚೆ ದಾಟಿಸಿದವಳಲ್ಲ. ಆ ವರ್ಷ ನಮ್ಮ ಒಬ್ಬ ಹುಡುಗಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಿದ್ದಳು. ಅದನ್ನು ಊರೆಲ್ಲ ಸಾರಿದೆ. ಯಾರ ಕಿವಿಗೂ ಹೋಗಲಿಲ್ಲ. ದೊಡ್ಡ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ವಿಭಾಗ ಶುರುವಾಗಿದೆ ಎಂಬುದು ಮಾತ್ರ ಎಲ್ಲರ ಬಾಯಲ್ಲಿ. ಬೇಸಿಗೆ ರಜೆಗೆ ಮುಂಚೆ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬಂದು, ಚಾ ಕುಡಿದು, ಲೋಟ ಕೆಳಗಿಡುತ್ತ ಹೇಳಿದರು: ಈ ಸಲ ಒಂದನೇ ಕ್ಲಾಸಿಗೆ ಮಕ್ಕಳು ಸೇರದಿದ್ದರೆ ಶಾಲೆಯನ್ನು ಆಚೆಯ ಶಾಲೆಯ ಜೊತೆ ಸೇರಿಸಿಬಿಡುತ್ತೇವೆ, ನಿಮ್ಮನ್ನು ಘಟ್ಟದ ಬುಡದ ಅಮಾಸೆಬೈಲು ಕಡೆಗೆ ಹಾಕಬಹುದು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಸರವೂ ಇರಲಿಲ್ಲ.

ನನ್ನ ವರ್ಗಾವಣೆ ದೊಡ್ಡ ಸಂಗತಿಯಲ್ಲ. ಬಿಸಿಯೂಟ ಬೇಯಿಸುವ ಅಕ್ಕನ ಕಥೆ ಬೇರೆ. ಆಕೆ ಗಂಡ ಸತ್ತ ಮೇಲೆ ಆ ಅಡುಗೆಕೋಣೆಯನ್ನೇ ನಂಬಿಕೊಂಡವಳು. ಮಗ ಹುಬ್ಬಳ್ಳಿಯ ಹೋಟೆಲಿನಲ್ಲಿ, ಮನೆಯಲ್ಲಿ ಸೊಸೆ, ಒಬ್ಬಳು ಮೊಮ್ಮಗಳು. ಆ ಮೊಮ್ಮಗಳು ಆ ವರ್ಷ ಒಂದನೇ ಕ್ಲಾಸಿಗೆ ಬರಬೇಕಾದವಳು. ಶಾಲೆ ಹೋದರೆ ಅಕ್ಕನ ಒಲೆಯೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳು ಓದಿದ್ದೂ ಅದೇ ಶಾಲೆಯಲ್ಲಿ, ಮೂರನೇ ಕ್ಲಾಸಿನವರೆಗೆ. ಅದರ ಗೋಡೆಗೆ ಯಾರಾದರೂ ಎಲೆಯಡಿಕೆ ಉಗಿದರೆ ಅವರ ಜನ್ಮ ಜಾಲಾಡುತ್ತಿದ್ದಳು.

ಏಪ್ರಿಲಿನ ಸುಡು ಬಿಸಿಲಿನಲ್ಲಿ ನಾವಿಬ್ಬರೂ ಮನೆಮನೆಗೆ ನಡೆದೆವು. ಮಕ್ಕಳನ್ನು ಕೊಡಿ ಎಂದು ಬೇಡುತ್ತ ಹೋಗುವುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಒಂದು ಮನೆಯಲ್ಲಿ ನಾಯಿ ಬಿಟ್ಟರು. ಇನ್ನೊಂದು ಮನೆಯಲ್ಲಿ, ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಅಪ್ಪ ಎದ್ದೂ ನಿಲ್ಲದೆ ಕೇಳಿದ:

"ನಿಮ್ ಮಗಳ್ ಎಲ್ ಓದದ್ ಟೀಚರೆ?"

"ನನ್ ಶಾಲಿಯಂಗೇ. ಐದರ್ ತನ್ಕ ನಾನೇ ಕಲ್ಸದ್ದ್."

"ಅದ್ಕೇ ಈಗ್ ಕುಂದಾಪ್ರದಂಗ್ ಬಟ್ಟೆ ಅಂಗ್ಡಿಯಂಗ್ ಸೀರೆ ಮಡ್ಚುದ್."

ಅವನ ಕೈಲಿದ್ದ ಬೀಸಣಿಗೆಯನ್ನು ಕಿತ್ತು ಅವನ ಬಾಯಿಗೇ ಬಡಿಯಬೇಕು ಅನ್ನಿಸಿತು. ಕೈ ಮುಂದೆ ಹೋಗಿಯೂ ಇತ್ತು. ಅಕ್ಕ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಗದ್ದೆಯ ಅಂಚಿನ ಮೇಲೆ ನಿಂತು ನಾನು ಅತ್ತೆ. ಅವಮಾನಕ್ಕೆ ಅತ್ತೆನೋ, ಹೊಡೆಯಲಾಗಲಿಲ್ಲವಲ್ಲ ಎಂದು ಅತ್ತೆನೋ, ಎರಡೂ ಇರಬೇಕು.

ಕಡೆಗೆ ಐದು ಮನೆಯವರು ಒಪ್ಪಿದರು, ಅಕ್ಕನ ಮನೆಯೂ ಸೇರಿ. ಆದರೆ ಅಕ್ಕನ ಮನೆಯಲ್ಲಿ ಒಪ್ಪಿದ್ದು ಅಕ್ಕ ಮಾತ್ರ, ಸೊಸೆಯಲ್ಲ. ನಾನು ಹೋದ ದಿನ ಅಲ್ಲಿ ಜಗಳ ಆಗಲೇ ಶುರುವಾಗಿತ್ತು. ಸೊಸೆ ಮೀನು ಕೊಯ್ಯುತ್ತಿದ್ದವಳು ಮೆಟ್ಟುಕತ್ತಿಯಿಂದ ಎದ್ದು ನಿಂತಳು, ಕೈಯೆಲ್ಲ ನೆತ್ತರು.

"ಇವ್ರಿಗೆ ಇಂಗ್ಲಿಷ್ ಬತ್ತಿಲ್ಲೆ ಅಂದೇಳಿ ಹೋಟ್ಲಂಗ್ ಪಾತ್ರೆ ತೊಳುಕ್ ಹಾಕ್ರ್ ಟೀಚರೆ. ಕೌಂಟ್ರಿಗ್ ಕೂರ್ಸಿಲ್ಲೆ. ನನ್ ಮಗಿಗ್ ಹಾಂಗ್ ಆಪುಕಾಗ," ಎಂದಳು. ಇವ್ರು ಎಂದದ್ದು ಗಂಡನನ್ನು.

ಅಕ್ಕ ಒಳಗಿನಿಂದಲೇ ಗುಡುಗಿದಳು. "ನಾನ್ ಅನ್ನ ಬೇಯ್ಸು ಶಾಲಿಗ್ ನನ್ ಮೊಮ್ಮಗಳೇ ಬರ್ದಿರೆ, ಊರ್ ಮಕ್ಳ್ ಎಂತಕ್ಕ್ ಬತ್ತೊ?"

"ನಿಮ್ಗ್ ಶಾಲೆ ಬೇಕಾರ್ ನೀವೇ ಹೋಯ್ನಿ."

ಅಕ್ಕ ಹೊರಗೆ ಬಂದವಳೇ ಸೊಸೆಯ ಕೆನ್ನೆಗೆ ಹೊಡೆದಳು. ಸೊಸೆ ಮೀನಿನ ಪಾತ್ರೆಯನ್ನು ಅಂಗಳಕ್ಕೆ ಎಸೆದಳು. ಬಂಗುಡೆಗಳು ನನ್ನ ಕಾಲ ಬುಡದಲ್ಲಿ ಚೆಲ್ಲಿದವು. ಮೊಮ್ಮಗಳು ತುಳಸಿಕಟ್ಟೆಯ ಹಿಂದೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ನಾನು ಹೋಗಿ ಎತ್ತಿಕೊಂಡೆ. "ಶಾಲಿಗ್ ಬತ್ಯಾ?" ಎಂದು ಕೇಳಿದೆ. "ಪಾಯ್ಸ ಮಾಡ್ತ್ರಾ?" ಎಂದು ಕೇಳಿತು ಕೂಸು. ಮಾಡ್ತೇವೆ ಎಂದೆ. ಹಾಗಾದರೆ ಬರುತ್ತೇನೆ ಎಂದಿತು.

ಮೇ ತಿಂಗಳ ಕೊನೆಗೆ ಶಾಲಾ ಸಮಿತಿಯ ಸಭೆ ಸೇರಿತು. ಸಮಿತಿಯ ಅಧ್ಯಕ್ಷರು ಮೂವತ್ತು ವರ್ಷ ಮುಂಬಯಿಯ ಕ್ಯಾಂಟೀನುಗಳಲ್ಲಿ ದುಡಿದು ಊರಿಗೆ ಬಂದು ಗೂಡಂಗಡಿ ಇಟ್ಟವರು. ಒಳ್ಳೆಯವರೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಆಚೆಯ ಶಾಲೆಯ ವ್ಯಾನು ಜೂನಿನಿಂದ ಸೇತುವೆ ದಾಟುತ್ತದಂತೆ ಎಂಬ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಟೀಚರೆ, ನೀವ್ ಸುಮ್ನ್ ಕೂಕಣಿ," ಎಂದರು. "ಸಂಕ ದಾಟ್ಲಿ ಕಾಂಬ. ಗಾಡಿಯ ಹಡ್ಡಿ ಮುರ್ದ್ ಹೊಳಿಗ್ ಹಾಕ್ತೆ. ಖೇಲ್ ಖತಂ."

ಹಿಂದಿನ ಬೆಂಚಿನಲ್ಲಿದ್ದ ಒಬ್ಬ ರಿಕ್ಷಾದವನು, ಅವನ ಮಗ ನಮ್ಮಲ್ಲಿ ಮೂರನೇ ಕ್ಲಾಸು, ಮೆಲ್ಲನೆ ಹೇಳಿದ: "ಅದೂ ಸರ್ಕಾರಿ ಶಾಲೆಯೇ ಅಲ್ದಾ? ಮಕ್ಳ್ ಎಲ್ ಲಾಯ್ಕ್ ಕಲಿತೊ, ಅಲ್ ಹೋಯ್ಲಿ ಬಿಡಿ."

ಅಷ್ಟೇ. ಅಧ್ಯಕ್ಷರು ಬೆಂಚು ಹಾರಿ ಹೋಗಿ ಅವನ ಕಾಲರು ಹಿಡಿದರು. ಅವನು ತಲೆಯಿಂದಲೇ ಗುದ್ದಿದ. ಚಾದ ಲೋಟಗಳು ಹಾರಿದವು, ನಲಿಕಲಿಯ ಕಾರ್ಡುಗಳು ಕಾಲಡಿಗೆ ಬಿದ್ದವು. ಬಿಡಿಸಲು ಹೋದ ನನ್ನ ದವಡೆಗೆ ಯಾರದೋ ಮೊಣಕೈ ಬಡಿದು ಬಾಯಲ್ಲಿ ರಕ್ತದ ರುಚಿ ಬಂತು. ರಿಕ್ಷಾದವನ ಮೂಗಿನಿಂದ ಸುರಿದ ರಕ್ತ ಒಂದನೇ ಕ್ಲಾಸಿನ ಮಕ್ಕಳಿಗೆಂದು ನಾನೇ ಬಣ್ಣ ಹಚ್ಚಿದ್ದ ಪುಟ್ಟ ಕುರ್ಚಿಯ ಮೇಲೆ ಬಿತ್ತು. ಮಕ್ಕಳಿಗೆ ಹೊಡೆಯುವುದು ಅಪರಾಧ ಎಂಬ ಫಲಕ ಅದೇ ಕೋಣೆಯ ಗೋಡೆಯಲ್ಲಿ ನೇತಾಡುತ್ತಿತ್ತು. ದೊಡ್ಡವರಿಗೆ ಹೊಡೆಯಬಾರದೆಂದು ಯಾವ ಇಲಾಖೆಯೂ ಫಲಕ ಕೊಟ್ಟಿಲ್ಲ. ರಿಕ್ಷಾದವನು ಮರುದಿನವೇ ಬಂದು ಮಗನ ಟಿ.ಸಿ. ಕೇಳಿದ, ಬರೆದು ಕೊಟ್ಟೆ.

ಜೂನ್ ಬಂತು. ನಮ್ಮ ಕಡೆ ಶಾಲೆ ತೆರೆಯುವ ದಿನ ಹೊಸ ಮಕ್ಕಳನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗೇಟಿಗೆ ಮಾವಿನೆಲೆಯ ತೋರಣ ಕಟ್ಟಿ, ಚೆಂಡೆ ಬಡಿಸಿ, ಮಗುವಿನ ಹಣೆಗೆ ಕುಂಕುಮ ಇಟ್ಟು, ಆರತಿ ಎತ್ತಿ ಕರೆದುಕೊಳ್ಳುವುದು. ಮಧ್ಯಾಹ್ನ ಪಾಯಸದ ಊಟ. ಐದು ಮಕ್ಕಳೂ ಬಂದರೆ ಕುಂಭಾಶಿಗೆ ಹೋಗಿ ಆನೆಗುಡ್ಡೆಯ ಗಣಪನಿಗೆ ಪಂಚಕಜ್ಜಾಯ ಮಾಡಿಸುತ್ತೇನೆಂದು ಹರಕೆ ಬೇರೆ ಹೇಳಿಕೊಂಡಿದ್ದೆ. ಅಕ್ಕ ಬೆಳಿಗ್ಗೆ ಬೇಗನೆ ಬಂದು ಹೆಸರುಬೇಳೆ ಪಾಯಸಕ್ಕೆ ಇಟ್ಟಿದ್ದಳು. ಸೊಸೆ ಮಗುವನ್ನು ಮೀಯಿಸಿ ತಾನೇ ಕರೆತರುತ್ತೇನೆ ಎಂದಿದ್ದಳಂತೆ. ಅಂತೂ ಸೋತಳು ಎಂದು ಅಕ್ಕ ಖುಷಿಯಲ್ಲಿದ್ದಳು.

ನಾನು ಆರತಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತೆ. ಹಳೆಯ ಮಕ್ಕಳು ಬಂದರು. ಹೊಸಬರ ಸುಳಿವಿಲ್ಲ. ಚೆಂಡೆಯವನು ಎರಡು ಸಲ ಬಡಿದು ಬೀಡಿ ಸೇದಲು ಹೋದ. ಆಗ ಮೇಲಿನ ಮನೆಗಳ ಕಡೆಯಿಂದ ವ್ಯಾನು ಇಳಿದು ಬಂತು. ಬಿಳಿ ವ್ಯಾನು, ಮುಂದೆ ದೊಡ್ಡ ಶಾಲೆಯ ಹೆಸರು, ಚಾಲಕನ ಪಕ್ಕ ಅಲ್ಲಿನ ಹೆಡ್‌ಮಾಷ್ಟ್ರು. ಕಿಟಕಿಯಲ್ಲಿ ಕಂಡದ್ದು ನನ್ನ ಮಕ್ಕಳು. ನಾಯಿ ಬಿಟ್ಟ ಮನೆಯಿಂದ ಕಾಡಿಬೇಡಿ ಒಪ್ಪಿಸಿದ್ದ ಹುಡುಗ ಕಿಟಕಿಗೆ ಮೂಗು ಒತ್ತಿ ನನ್ನನ್ನು ನೋಡಿ ನಗುತ್ತಿದ್ದ.

ಅಧ್ಯಕ್ಷರು ರಸ್ತೆಗೆ ಅಡ್ಡ ಬೈಕು ಮಲಗಿಸಿದರು. ವ್ಯಾನು ನಿಂತಿತು. ಹಾರನ್ನಿನ ಸದ್ದು ಕೇಳಿ ಜನ ಸೇರಿದರು. ನಾನು ಆರತಿ ತಟ್ಟೆ ಹಿಡಿದುಕೊಂಡೇ ಓಡಿದೆ.

"ನಮ್ ಮಕ್ಳನ್ನ್ ಇಳ್ಸಿ ಮಾಷ್ಟ್ರೆ," ಎಂದೆ.

"ಟೀಚರೆ, ಅಪ್ಪ ಅಮ್ಮನೇ ಹತ್ಸದ್ದ್. ನಾವ್ ಕದ್ದಿತ್ತಿಲ್ಲೆ. ನಮ್ಗೂ ಮಕ್ಳ್ ಬೇಕಲೆ, ನಮ್ ಪೋಸ್ಟೂ ಹೋತ್ತ್," ಎಂದರು ಅವರು. ಪಾಪ, ಸುಳ್ಳು ಹೇಳಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಆ ಮುಖ ಕಂಡು ಬಂದದ್ದು ಬೆಂಕಿಯಂಥ ಸಿಟ್ಟು. ಬಾಗಿಲು ಎಳೆದೆ. ಚಾಲಕ ಒಳಗಿನಿಂದ ಎಳೆದ. ನನ್ನ ಹೆಬ್ಬೆರಳು ಬಾಗಿಲಿಗೆ ಸಿಕ್ಕಿತು. ನಾನು ಚೀರಿದ್ದೇ ತಡ, ನಮ್ಮ ಕಡೆಯ ಹುಡುಗರು ಚಾಲಕನನ್ನು ಹೊರಗೆ ಎಳೆದು ನೆಲಕ್ಕೆ ಹಾಕಿ ತುಳಿಯತೊಡಗಿದರು. ಸೇತುವೆಯ ಆಚೆಯಿಂದ ಅವನ ಜನ ದೊಣ್ಣೆ ಹಿಡಿದು ಬಂದರು. ಬಿಡಿಸಲು ಇಳಿದ ಹೆಡ್‌ಮಾಷ್ಟ್ರ ಕನ್ನಡಕ ಒಡೆಯಿತು, ಹಣೆ ಸೀಳಿತು. ಒಬ್ಬನ ಕೈ ತಿರುಚಿ ಮುರಿದ ಸದ್ದನ್ನು ನಾನೇ ಕೇಳಿದೆ, ಒಣಗಿದ ಸೋಗೆಯ ದಂಟು ಮುರಿದ ಹಾಗಿತ್ತು. ವರ್ಷಾನುವರ್ಷ ಒಂದೇ ಪಂಕ್ತಿಯಲ್ಲಿ ಕೂತು ಉಂಡ ಎರಡು ಊರಿನವರು ಅಲ್ಲಿ ಒಬ್ಬರನ್ನೊಬ್ಬರು ನಾಯಿಗಳ ಹಾಗೆ ಕಚ್ಚಾಡಿದರು. ನಾನು? ನಾನು ತಟ್ಟೆಯಲ್ಲಿ ಬಡಿದೆ. ಯಾರಿಗೆ ಬಿತ್ತೋ ನೋಡಲಿಲ್ಲ.

ಅಕ್ಕ ಅಡುಗೆಕೋಣೆಯಿಂದ ಬಂದದ್ದು ಆಗಲೇ. ಪಾಯಸ ತೊಳಸುತ್ತಿದ್ದ ಉದ್ದ ಹಿಡಿಯ ಕಬ್ಬಿಣದ ಸಟ್ಟುಗ ಕೈಯಲ್ಲೇ ಇತ್ತು, ಅದರಿಂದ ಬೆಲ್ಲದ ಪಾಕ ತೊಟ್ಟಿಕ್ಕುತ್ತಿತ್ತು. ನನ್ನ ಬೆರಳಿನ ರಕ್ತ ನೋಡಿದಳು. ದೊಣ್ಣೆ ಹಿಡಿದಿದ್ದ ಒಬ್ಬನ ಕುತ್ತಿಗೆಗೆ ಬಾರಿಸಿದಳು, ಅವನು ಸುಟ್ಟುಕೊಂಡು ಕೂಗುತ್ತ ಚರಂಡಿಗೆ ಬಿದ್ದ. ಆಮೇಲೆ ವ್ಯಾನಿಗೆ ಬಡಿಯಲು ಶುರು ಮಾಡಿದಳು. ತಗಡಿನ ಮೇಲೆ ಧಡ ಧಡ ಎಂದು ಬಡಿದದ್ದೇ ಬಡಿದದ್ದು. "ಶಾಲೆ ಕೊಲ್ಲುಕ್ ಬಂದ್ರ್ಯಾ? ಕೊಲ್ಲುಕ್ ಬಂದ್ರ್ಯಾ?" ಒಳಗೆ ಮಕ್ಕಳು ಒಂದೇ ಸಮ ಅಳುತ್ತಿದ್ದವು.

"ಹ್ವಾಯ್, ನಿಲ್ಸಿ ಮರಾಯ್ರೆ, ಒಳ್ಗ್ ಮಕ್ಳಿದ್ದೊ," ಎಂದು ಹೆಡ್‌ಮಾಷ್ಟ್ರು ರಕ್ತ ಒರೆಸಿಕೊಳ್ಳುತ್ತ ಬೇಡಿಕೊಂಡರು. ಯಾರೂ ಕೇಳಲಿಲ್ಲ.

ಅಧ್ಯಕ್ಷರು ನಮ್ಮ ಶಾಲೆಯ ಕುಸಿದುಬಿದ್ದ ಕಾಂಪೌಂಡು ಗೋಡೆಯ ರಾಶಿಯಿಂದ ಒಂದು ಕೆಂಪುಕಲ್ಲಿನ ತುಂಡು ಎತ್ತಿದರು. ಮುಂದಿನ ಗಾಜಿಗೆ ಗುರಿ ಇಟ್ಟಿದ್ದಂತೆ, ಆಮೇಲೆ ಸ್ಟೇಶನ್ನಿನಲ್ಲಿ ಹಾಗೇ ಹೇಳಿದರು. ಕಲ್ಲು ಪಕ್ಕದ ಕಿಟಕಿಗೆ ಬಿತ್ತು. ಗಾಜು ಒಳಗೆ ಸುರಿಯಿತು. ಅಳುತ್ತಿದ್ದ ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾದರು. ಆ ಮೌನದಲ್ಲಿ ಒಂದೇ ಒಂದು ದನಿ ಕೇಳಿತು. "ಅಜ್ಜಿ."

ಅಕ್ಕನ ಸಟ್ಟುಗ ಎತ್ತಿದಲ್ಲೇ ನಿಂತಿತು. ಅವಳಿಗೆ ಗೊತ್ತಿರಲಿಲ್ಲ. ನಮಗ್ಯಾರಿಗೂ ಗೊತ್ತಿರಲಿಲ್ಲ. ಸೊಸೆ ಅತ್ತೆಯನ್ನು ಪಾಯಸಕ್ಕೆ ಕಳಿಸಿ, ಮಗುವಿಗೆ ಹೊಸ ಅಂಗಿ ತೊಡಿಸಿ, ಮೇಲಿನ ತಿರುವಿನಲ್ಲೇ ವ್ಯಾನು ಹತ್ತಿಸಿದ್ದಳು. ಅಜ್ಜಿ ಬಡಿಯುವುದನ್ನು ಕಂಡು ಆ ಕೂಸು ಹೆದರಿ ಕಿಟಕಿಯ ಕೆಳಗೆ ಬಗ್ಗಿ ಕೂತಿತ್ತು. ಕಲ್ಲು ಬಂದದ್ದು ಅದೇ ಕಿಟಕಿಗೆ.

ಅಕ್ಕ ಬಾಗಿಲು ಕಿತ್ತು ಒಳಗೆ ಹೋಗಿ ಅದನ್ನು ಎತ್ತಿಕೊಂಡು ಇಳಿದಳು. ಹುಬ್ಬಿನ ಮೇಲೆ ಗಾಜು ಸಿಕ್ಕಿತ್ತು, ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಕಣ್ಣೇ ಹೋಯಿತು ಎಂದುಕೊಂಡೆ. ರಿಕ್ಷಾ ತನ್ನಿ ಎಂದು ಕೂಗಿದೆ. ಹೊಡೆದಾಡುತ್ತಿದ್ದವರು ಕೈಯಲ್ಲಿದ್ದದ್ದನ್ನು ಅಲ್ಲಲ್ಲೇ ಕೆಳಗೆ ಹಾಕಿದರು. ರಿಕ್ಷಾ ಬಂತು. ಮೂಗು ಒಡೆಸಿಕೊಂಡು ಮಗನನ್ನು ಬಿಡಿಸಿಕೊಂಡು ಹೋದ ಅದೇ ರಿಕ್ಷಾದವನು, ಅಜ್ಜಿಯನ್ನೂ ಮಗುವನ್ನೂ ಕುಂದಾಪುರದ ಆಸ್ಪತ್ರೆಗೆ ಓಡಿಸಿದ.

ಕಣ್ಣು ಉಳಿಯಿತು, ದೇವರು ದೊಡ್ಡವನು. ಹುಬ್ಬಿಗೆ ಹೊಲಿಗೆ ಬಿತ್ತು. ಸ್ಟೇಶನ್ನಿನಲ್ಲಿ ಎರಡೂ ಕಡೆಯವರನ್ನು ಎದುರುಬದುರು ಬೆಂಚಿನಲ್ಲಿ ಕೂರಿಸಿ, ಒಬ್ಬ ಎಳೆಯ ಸಬ್‌ಇನ್ಸ್‌ಪೆಕ್ಟರು ಬಾಯಿಗೆ ಬಂದಂತೆ ಬೈದರು. ನೀವು ಮಕ್ಕಳಿಗೆ ಪಾಠ ಹೇಳುವವರಾ ಎಂದು ನನ್ನನ್ನೂ ಹೆಡ್‌ಮಾಷ್ಟ್ರನ್ನೂ ಕೇಳಿದರು. ಮಾಷ್ಟ್ರ ಹಣೆಗೆ ಬ್ಯಾಂಡೇಜು, ನನ್ನ ಬೆರಳಿಗೆ ಬ್ಯಾಂಡೇಜು. ರಾಜಿಯಾಯಿತು. ದೊಡ್ಡ ಶಾಲೆಯ ವ್ಯಾನು ಇನ್ನು ಸೇತುವೆ ದಾಟುವುದಿಲ್ಲ ಎಂದು ತೀರ್ಮಾನವಾಯಿತು. ಗೆದ್ದೆವು ಎಂದು ಅಧ್ಯಕ್ಷರು ಹೊರಗೆ ಬಂದು ನನ್ನ ಮುಖ ನೋಡಿದರು. ನಾನು ಬಸ್ಸು ಹಿಡಿಯಲು ನಡೆದೆ.

ಗೆದ್ದದ್ದು ಯಾರೆಂದು ಮರುವಾರ ತಿಳಿಯಿತು. ಹೊಡೆದಾಡುವ ಶಾಲೆ ಎಂಬ ಹೆಸರು ನಮಗೂ ಬಂತು, ಆಚೆಯವರಿಗೂ ಬಂತು. ಅಲ್ಲಿಯವರೆಗೆ ನಮ್ಮ ತಿರುವಿನಲ್ಲಿ ನಿಲ್ಲದೆ ಹೋಗುತ್ತಿದ್ದ ಹಳದಿ ಬಸ್ಸು ಈಗ ನಿಲ್ಲತೊಡಗಿತು. ಒಬ್ಬೊಬ್ಬರಾಗಿ ಹತ್ತಿದರು. ಎರಡನೇ ಕ್ಲಾಸಿನವರು, ನಾಲ್ಕನೆಯವರು, ಆಚೆ ಶಾಲೆಯ ಮಕ್ಕಳೂ. ಫೀಸಿಗೆ ಎಲ್ಲಿಂದ ಹೊಂದಿಸಿದರೋ ಕಾಣೆ, ಹೊಂದಿಸಿದರು.

ಅದರ ಮುಂದಿನ ಸೋಮವಾರ ನಾನು ಬಸ್ಸಿನಿಂದ ಇಳಿದು ಬರುವಾಗ, ವ್ಯಾನು ತಡೆದ ಅದೇ ಜಾಗದಲ್ಲಿ ಅಕ್ಕ ನಿಂತಿದ್ದಳು. ಪಕ್ಕದಲ್ಲಿ ಸೊಸೆ. ನಡುವೆ ಮೊಮ್ಮಗಳು, ಟೈ ಕಟ್ಟಿಕೊಂಡು, ಅಳತೆಗಿಂತ ದೊಡ್ಡ ಬೂಟು ಹಾಕಿಕೊಂಡು. ಹುಬ್ಬಿನ ಮೇಲೆ ಇನ್ನೂ ಪಟ್ಟಿ ಇತ್ತು. ಹಳದಿ ಬಸ್ಸು ಬಂದು ನಿಂತಿತು. ಅತ್ತೆ ಸೊಸೆ ಇಬ್ಬರೂ ಸೇರಿ ಮಗುವನ್ನು ಎತ್ತಿ ಮೆಟ್ಟಿಲ ಮೇಲಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. "ನೀವೂ ಹೀಂಗ್ ಮಾಡುದಾ ಅಕ್ಕ?" ಎಂದೆ. "ಶಾಲೆ ಮುಚ್ಚುತ್ತ್. ನಿಮ್ ಕೆಲ್ಸವೂ ಹೋತ್ತ್, ಗೊತ್ತಿತ್ತಲೆ?"

"ಗೊತ್ತಿತ್ತ್." ಅವಳು ನನ್ನ ಕಣ್ಣು ತಪ್ಪಿಸಲಿಲ್ಲ. "ಶಾಲಿಗ್ ಬೇಕಾಯಿ ಹೊಡ್ದಾಡಿದ್ದೆ ಟೀಚರೆ. ಇನ್ನೊಂದ್ಸಲ ಬೇಕಾರೂ ಹೊಡ್ದಾಡ್ತೆ. ಆರೆ ಮಗೀನ್ ನಡೂಗ್ ನಿಲ್ಸುಕ್ ನನ್ ಕೈಯಂಗ್ ಆತಿಲ್ಲೆ."

ಅಷ್ಟು ಹೇಳಿ ಸೆರಗು ಬಿಗಿದು ಶಾಲೆಯ ಕಡೆ ಹೊರಟಳು, ಉಳಿದ ನಾಲ್ಕು ಮಕ್ಕಳಿಗೆ ಅಕ್ಕಿ ತೊಳೆಯಬೇಕಿತ್ತು. ನಾನು ಬಸ್ಸಿನ ಕಡೆ ತಿರುಗಿದೆ. ಮಗು ಕಿಟಕಿಯ ಬದಿಗೆ ಕೂತಿತ್ತು. ಬೈಯುವುದಕ್ಕೆ ಅದು ಏನು ಮಾಡಿದೆ? ಹೋಗಿ ಬಾ, ಚೆನ್ನಾಗಿ ಓದು ಎಂದು ಹೇಳೋಣ ಅನ್ನಿಸಿ ಕೈ ಎತ್ತಿದೆ.

ನನ್ನ ಕೈ ಮೇಲೇಳುವುದನ್ನು ಕಂಡದ್ದೇ, ಅದು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಸೀಟಿನ ಕೆಳಗೆ ಕುಸಿಯಿತು. ಬಸ್ಸು ಸೇತುವೆ ದಾಟುವವರೆಗೂ ಆ ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ಆಮೇಲೆ ನಾನು ಯಾರ ಮನೆಗೂ ಮಕ್ಕಳನ್ನು ಕೇಳಲು ಹೋಗಲಿಲ್ಲ.